ದೇವೀರಿಯ ಹೆಗಲು

ನಮ್ಮ ಊರಿನಲ್ಲಿ ಗಂಡಸರಿಗೆ ನೋವಿರುವುದಿಲ್ಲ. ಹೀಗೆ ಶುರುಮಾಡಿದರೆ ಬಡಾಯಿಯಂತೆ ಕಾಣಬಹುದು. ಸಂಜೆ ಕಾಲೇಜಿನಲ್ಲಿ ನಮಗೆ ಕನ್ನಡ ಹೇಳುತ್ತಿದ್ದ ಮೇಷ್ಟ್ರು, ಮೊದಲ ಸಾಲಿನಲ್ಲೇ ಓದುವವರ ಅನುಮಾನ ಎಬ್ಬಿಸಬಾರದು ಅನ್ನುತ್ತಿದ್ದರು. ಆದರೆ ಎಷ್ಟು ಸಲ ಹೊಡೆದುಹಾಕಿ ಬರೆದರೂ ಇದಕ್ಕಿಂತ ಸರಿಯಾದ ಸಾಲು ನನಗೆ ಸಿಗಲಿಲ್ಲ. ನೋವು ಹುಟ್ಟುವುದೇನೋ ನಮ್ಮಲ್ಲೇ. ಇರುವುದು ಮಾತ್ರ ಹೆಂಗಸರಲ್ಲಿ. ಹಲ್ಲು ಜುಮ್ಮೆಂದರೆ, ಸೊಂಟ ಹಿಡಿದುಕೊಂಡರೆ ಗಂಡಸು ಅಡುಗೆಮನೆಗೆ ಹೋಗಿ ಹೆಂಡತಿಯ ಎಡಹೆಗಲ ಮೇಲೆ ಅಂಗೈ ಇಟ್ಟು ಒಂದು ಉಸಿರು ಬಿಡುತ್ತಾನೆ. ಅಷ್ಟೇ. ಅವಳು ಕ್ಷಣ ಹೊತ್ತು ಕಣ್ಣು ಮುಚ್ಚಿ, ಸೌಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮತ್ತೆ ಸಾರು ಕದಡುತ್ತಾಳೆ. ಇದಕ್ಕೆ ನಾವು ಇಳಿಸುವುದು ಅನ್ನುತ್ತೇವೆ. ಹೆಂಗಸರು ಅದನ್ನೇ ಹೆಗಲು ಕೊಡುವುದು ಅನ್ನುತ್ತಾರೆ.

ಹೆಣ್ಣು ನೋಡಲು ಹೋದವರು ಬಣ್ಣ, ಎತ್ತರ ಆಮೇಲೆ ಕೇಳುತ್ತಾರೆ, ಮೊದಲು ಕೇಳುವುದು ಹೆಗಲು. ನಾನು ದೇವೀರಿಯನ್ನು ನೋಡಲು ಹೋದಾಗ ಅವಳ ಚಿಕ್ಕಪ್ಪ, "ನಮ್ ಹುಡುಗಿ ಹೆಗಲಿನ ವಿಷ್ಯ ಎರಡ್ ಮಾತಿಲ್ಲ ಬುಡಿ. ಅವ್ಳ ತಮ್ಮ ಸಿಮೆಂಟ್ ಮೂಟೆ ಹೊರ್ತಾನೆ, ಅವ್ನ ಬೆನ್ನುನೋವು ಪೂರ್ತಿ ಇವ್ಳ ತಾವೇ ಐತೆ. ಆದ್ರೂ ನೋಡಿ, ಹೆಂಗ್ ನಗ್ತಾ ಕಾಫಿ ತಂದವ್ಳೆ!" ಎಂದು ಹೆಮ್ಮೆಯಿಂದ ಹೇಳಿದ್ದರು. ದೇವೀರಿ ನಿಜಕ್ಕೂ ನಗುತ್ತಿದ್ದಳು. ಲೋಟ ಇಡಲು ಬಗ್ಗುವಾಗ ಮಾತ್ರ ಒಂದು ಕೈ ಗೋಡೆಗೆ ಊರಿದ್ದಳು. ನನಗೆ ಅದು ನಾಚಿಕೆಯಂತೆ ಕಂಡಿತ್ತು.

ಇಳಿಸಿದರೆ ನೋವು ಹೋಗುತ್ತದೆಯೇ ಹೊರತು ಕಾಯಿಲೆ ಹೋಗುವುದಿಲ್ಲ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಗಂಡಸರು ಇದ್ದಕ್ಕಿದ್ದಂತೆ ಸಾಯುತ್ತಾರೆ, ಅದೂ ನಗುನಗುತ್ತಲೇ ಸಾಯುತ್ತಾರೆ. ಪುಣ್ಯದ ಸಾವು ಎಂದು ಜನ ಹೊಗಳುತ್ತಾರೆ. ನನ್ನ ಅಪ್ಪ ಸತ್ತ ದಿನ ಬೆಳಿಗ್ಗೆಯಿಂದ ಅವ್ವ ಎದೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಅವಳ ಬೆನ್ನಿಗೆ ಎಣ್ಣೆ ತಿಕ್ಕಿದೆವು, ಓಮದ ಕಷಾಯ ಕುಡಿಸಿದೆವು. ಡಾಕ್ಟರು ಬಂದು ನೋಡಿ, ಎದೆ ಗಟ್ಟಿಯಾಗಿದೆ, ವಾಯು ಇರಬೇಕು ಎಂದರು. ಮಧ್ಯಾಹ್ನ ಅಪ್ಪ ಮಜ್ಜಿಗೆ ಅನ್ನ ಕಲಸಿಕೊಳ್ಳುತ್ತಾ ಏನೋ ತಮಾಷೆ ಹೇಳಲು ಹೋಗಿ ಎಲೆಯ ಮೇಲೆ ಬಿದ್ದರು. ಆ ಎದೆನೋವು ಇವತ್ತಿಗೂ ಅವ್ವನಲ್ಲೇ ಇದೆ. ವಾಪಸು ತೆಗೆದುಕೊಳ್ಳಬೇಕಾದವರೇ ಇಲ್ಲವಲ್ಲ. "ಅವ್ರದ್ದು ಅಂತ ಉಳಿದಿರೋದು ಇದೊಂದೇ ಕಣಪ್ಪ" ಎಂದು ಅವಳು ಸೆರಗನ್ನು ಎದೆಗೆ ಒತ್ತಿಕೊಂಡು ಹೇಳುವಾಗ, ನೋವಿನ ಮಾತು ಆಡುತ್ತಿದ್ದಾಳೋ ಒಡವೆಯ ಮಾತು ಆಡುತ್ತಿದ್ದಾಳೋ ಗೊತ್ತಾಗುವುದಿಲ್ಲ.

ನಾನು ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿ ತುಂಬುವ ಕೆಲಸದವನು. ಕೆಲಸ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ ಓದಿದೆ. ಅಲ್ಲಿ ಶರೀರಶಾಸ್ತ್ರ ಹೇಳುತ್ತಿದ್ದವರು ಹೊರಗಿನವರು. ಒಂದು ದಿನ ಅವರು ನೋವು ಎಂದರೆ ದೇಹ ತನಗೆ ತಾನೇ ಬಾರಿಸಿಕೊಳ್ಳುವ ಗಂಟೆ ಎಂದು ಪಾಠ ಮಾಡಿದರು. ಹಿಂದಿನ ಬೆಂಚಿನವನೊಬ್ಬ ಎದ್ದು, "ಸಾರ್, ನಮ್ ಗಂಟೆ ನಮ್ಮನೆಯವ್ಳ ಕೊರಳಲ್ಲೈತೆ, ಚಿಂತೆ ಇಲ್ಲ" ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಪರೀಕ್ಷೆಯಲ್ಲಿ ಗಂಟೆಯ ಮಾತನ್ನು ಅಚ್ಚುಕಟ್ಟಾಗಿ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡೆ.

ನನ್ನ ಮೂತ್ರಪಿಂಡದಲ್ಲಿ ಕಲ್ಲಿದೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಭಟ್ಟಿಯ ಮುಂದೆ ಪಕ್ಕೆಯಲ್ಲಿ ಏನೋ ಹಿಂಡಿದಂತಾಯಿತು. ಮನೆಗೆ ಓಡಿ ಬಂದು ಇಳಿಸಿದೆ. ಅದು ಎಂಥ ನೋವು ಎಂದು ಪೂರ್ತಿ ತಿಳಿಯುವಷ್ಟು ಹೊತ್ತೂ ಅದನ್ನು ನಾನು ಇಟ್ಟುಕೊಂಡಿರಲಿಲ್ಲ. ಅಲ್ಲಿಂದಾಚೆಗೆ ಆಗಾಗ ದೇವೀರಿ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಮುದುಡಿ ಕೂರುತ್ತಿದ್ದಳು. ಯಾರೋ ಬಾಳೆದಿಂಡಿನ ರಸ ಒಳ್ಳೆಯದು ಎಂದರು. ಅವಳು ಮುಖ ಕಿವುಚಿಕೊಂಡು ದಿನವೂ ಕುಡಿದಳು. ಕಲ್ಲು ನನ್ನೊಳಗಿತ್ತು, ರಸ ಅವಳು ಕುಡಿಯುತ್ತಿದ್ದಳು. ಇದರಲ್ಲಿ ಏನೋ ಸರಿಯಿಲ್ಲ ಎಂದು ಓದಿದ ನನಗೆ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ ಎಂದರೂ ಸುಳ್ಳಾಗುತ್ತದೆ. ಒಂದೆರಡು ಸಲ ನಾನೂ ಕುಡಿದೆ. ಒಗರಾಗಿತ್ತು, ಬಿಟ್ಟೆ.

ಈ ವರ್ಷ ಹುಣಸೆಕಾಯಿ ಬಿಡುವ ಕಾಲಕ್ಕೆ ಒಂದು ಬೆಳಿಗ್ಗೆ ನನಗೆ ತಿಂಡಿ ಬಡಿಸುತ್ತಿದ್ದ ದೇವೀರಿ ಇದ್ದಕ್ಕಿದ್ದಂತೆ, "ರೀ, ಒಂದ್ ನೋವು ಬಂದೈತೆ. ಇದು ನಿಮ್ದಲ್ಲ ಅನ್ಸುತ್ತೆ" ಎಂದಳು.

"ನಂದಲ್ದೆ ಇನ್ಯಾರ್ದು? ರಾಚಂದಾ?" ಎಂದೆ. ರಾಚಪ್ಪ ಅವಳ ತಮ್ಮ, ಮೂಟೆ ಹೊರುವವನು. ಇನ್ನೂ ಮದುವೆಯಾಗಿಲ್ಲ. ಭಾನುವಾರ ಬಂದು ಹೊಟ್ಟೆ ತುಂಬ ಉಂಡು, ವಾರದ ಬೆನ್ನುನೋವನ್ನು ಅಕ್ಕನ ಹೆಗಲಿಗೆ ಇಳಿಸಿ, ಎಲೆಯಡಿಕೆ ಹಾಕಿಕೊಂಡು ಹೋಗುತ್ತಾನೆ.

"ಅವ್ನದೂ ಅಲ್ಲ. ಅವ್ನದು ಬೆನ್ನಲ್ಲಿರುತ್ತೆ, ದಬದಬ ಅಂತ ಬಡೀತದೆ, ಅವನಂಗೇ. ನಿಮ್ದು ಪಕ್ಕೇಲಿರುತ್ತೆ, ತಿರುಚುತ್ತೆ. ಇದು ಕೆಳಗೆ, ಕಿಬ್ಬೊಟ್ಟೇಲಿ. ಮೆತ್ತಗಿದೆ. ಆದ್ರೆ ಬಿಡ್ತಾನೇ ಇಲ್ಲ."

"ಹಂಗಾದ್ರೆ?"

"ನಂದೇ ಏನೋ ಅಂತ" ಎಂದು ಅವಳು ಮೆಲ್ಲಗೆ ಅಂದಳು. ಯಾರದೋ ಮನೆಯ ವಸ್ತು ತನ್ನ ಬುಟ್ಟಿಯಲ್ಲಿಟ್ಟುಕೊಂಡು ಸಿಕ್ಕಿಬಿದ್ದವಳಂತೆ ತಪ್ಪಿತಸ್ಥ ದನಿ.

ಹೆಂಗಸರಿಗೆ ತಮ್ಮದೇ ನೋವು ಇರುತ್ತದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಹೆರಿಗೆ ಇದೆ, ತಿಂಗಳಿನದು ಇದೆ. ಆದರೆ ಅವೆಲ್ಲ ಬಂದು ಹೋಗುವಂಥವು, ಅವಕ್ಕೆ ಬಾಗಿಲು ಮುಚ್ಚಿ ಸುಮ್ಮನಿರುವುದು ನಮ್ಮಲ್ಲಿಯ ಪದ್ಧತಿ. ಅವಳ ತಿಂಗಳಿನದು ಸರಿಯಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಹಿತ್ತಲಿನಲ್ಲಿ ಹಳೆ ಸೀರೆಯ ಕೆಳಗೆ ಮರೆಮಾಡಿ ಒಣಹಾಕಿದ ಬಟ್ಟೆಗಳು ತಿಂಗಳ ಯಾವ ವಾರ ನೋಡಿದರೂ ಇರುತ್ತಿದ್ದವು. ನೋಡಿದ ಕೂಡಲೇ ನಾನು ಮುಖ ತಿರುಗಿಸುತ್ತಿದ್ದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ನಮ್ಮ ಆಸ್ಪತ್ರೆ ಸಣ್ಣದು. ಹೊರಗಿನ ಕಟ್ಟೆಯ ಮೇಲೆ ಯಾವಾಗಲೂ ಹೆಂಗಸರೇ. ಗಂಡಸರಲ್ಲಿ ಬರುವವರು ಜೊತೆಗೆ ಬಂದವರು ಮಾತ್ರ. ಅವತ್ತು ನಾನು ದೇವೀರಿಯನ್ನು ಕರೆದುಕೊಂಡು ಹೋದಾಗ ನಮ್ಮ ಮುಂದೆ ಕುಳಿತಿದ್ದ ಒಬ್ಬಳು ಕೆನ್ನೆ ಊದದೆಯೇ ಹಲ್ಲುನೋವಿನಿಂದ ಅಳುತ್ತಿದ್ದಳು. ಪಕ್ಕದವಳು, "ನಿನ್ ಗಂಡನ್ನ ಕರ್ಕೊಂಡ್ ಬಂದು ಹಲ್ ಕೀಳ್ಸೇ" ಎಂದಳು. "ಬರಲ್ವಂತೆ ಕಣಕ್ಕ. ನಂಗೇನ್ ನೋವಾ ಅಂತಾನೆ!" ಎಂದಳು ಇವಳು. ಪಕ್ಕದವಳು ನಕ್ಕಳು. ಅಳುತ್ತಿದ್ದವಳೂ ನಕ್ಕಳು. ದೇವೀರಿಯೂ ನಕ್ಕಳು. ನಾನು ಗೋಡೆಯ ಮೇಲಿನ ಕುಟುಂಬ ಯೋಜನೆಯ ಚಿತ್ರ ನೋಡುತ್ತಾ ನಿಂತೆ.

ಡಾಕ್ಟರು ಝರೀನಾ ಎಂದು. ಊರಿಗೆ ಹೊಸಬರೇನಲ್ಲ, ಆದರೆ ಒಗ್ಗಿಕೊಂಡವರೂ ಅಲ್ಲ. ದೇವೀರಿಯನ್ನು ಅವರು ಹಿಂದೆಯೂ ನೋಡಿ, ಏನೂ ಇಲ್ಲ, ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟಿದ್ದರು. ಈ ಸಲ ಮಲಗಿಸಿ ಹೊಟ್ಟೆ ಒತ್ತಿದರು. ಒತ್ತಿದ ಕಡೆಯೆಲ್ಲ ದೇವೀರಿ ಹಾ ಎಂದಳು.

"ಯಾವುದಮ್ಮ ನಿನ್ನ ನೋವು?"

"ಅದೇ ಡಾಕ್ಟ್ರಮ್ಮ, ಸರ್ಯಾಗಿ ಸಿಕ್ತಾ ಇಲ್ಲ. ಮದುವೆ ಮನೆ ಗದ್ದಲದಲ್ಲಿ ಎಲ್ಲೋ ಒಳಗಿನ ಕೋಣೇಲಿ ಮಗು ಅತ್ತಂಗೆ. ಅಳ್ತೈತೆ ಅಂತ ಗೊತ್ತು. ಎಲ್ಲಿ ಅಂತ ಹೋಗ್ ನೋಡಣ ಅಂದ್ರೆ ಈ ವಾಲಗದೋರು ನಿಲ್ಲಿಸ್ತಾನೇ ಇಲ್ಲ."

ಡಾಕ್ಟರು ಕೈ ತೊಳೆದುಕೊಂಡು ಬಂದು ನನ್ನ ಕಡೆ ತಿರುಗಿದರು. "ಮುಟ್ಟಿನ ರಕ್ತ ಹೋಗೋದು ಎಷ್ಟು ದಿನದಿಂದ ಜಾಸ್ತಿ ಆಗಿದೆ?"

"ನಂಗೊತ್ತಿಲ್ಲ" ಎಂದೆ. ನನ್ನ ಕಿವಿ ಬಿಸಿಯಾಗಿತ್ತು.

"ಮುಖ ಬಿಳಚಿಕೊಂಡಿದೆ ನೋಡ್ರೀ. ರಕ್ತ ಇಲ್ಲ. ಒಳಗೆ ಏನೋ ಇದೆ ಅಂತ ನನಗನ್ನಿಸ್ತಿದೆ, ಆದ್ರೆ ಎಲ್ಲಿ ಅಂತ ಕೈಗೆ ಸಿಗ್ತಿಲ್ಲ. ಎಲ್ಲಿ ಮುಟ್ಟಿದ್ರೂ ಹೊಟ್ಟೆ ಬಿಗಿ ಹಿಡೀತಾಳೆ. ಹೊಳೆಯಾಚೆ ದೊಡ್ಡಾಸ್ಪತ್ರೆಗೆ ಈ ಊರಿನ ಹೆಂಗಸರನ್ನ ಕಳಿಸಿದ್ರೆ, ಏನೂ ಇಲ್ಲ ಅಂತ ವಾಪಸ್ ಕಳಿಸ್ತಾರೆ. ಅವರ ತಪ್ಪೂ ಅಲ್ಲ. ಇವರ ಮೈಯಲ್ಲಿ ಹುಡುಕಿದ್ರೆ ನಿಮ್ಮ ಗಂಡಸರ ಕಾಯಿಲೆ ಎಲ್ಲಿ ಸಿಗುತ್ತೆ? ಇಂಥ ಕಡೆ ಇಂಥದ್ದು ಅಂತ ನಾನು ಬೆರಳಿಟ್ಟು ತೋರಿಸಿದ್ರೆ ಮಾತ್ರ ನೋಡ್ತಾರೆ. ಅದಕ್ಕೇ, ಇವಳ ಹತ್ರ ಯಾರ್ಯಾರು ಇಳಿಸಿದ್ದೀರೋ ಅವರೆಲ್ಲ ನಿಮ್ಮ ನಿಮ್ಮದನ್ನ ವಾಪಸ್ ತಗೊಂಡು ಕರ್ಕೊಂಡು ಬನ್ನಿ. ಬೇಗ. ಇದು ಕಾಯೋ ಅಂಥದ್ದಲ್ಲ."

ವಾಪಸು ತೆಗೆದುಕೊಳ್ಳುವುದು ಗೊತ್ತಿಲ್ಲದ ವಿದ್ಯೆಯೇನಲ್ಲ. ಅವಳ ಕೈಯನ್ನು ನಮ್ಮ ಹೆಗಲ ಮೇಲೆ ಇಟ್ಟುಕೊಂಡು, 'ನನ್ನದು, ಕೊಡು' ಎಂದರೆ ಆಯಿತು. ಯಾರೂ ಮಾಡುವುದಿಲ್ಲ, ಅಷ್ಟೇ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಮೊರದಲ್ಲಿದ್ದ ಅವರೆಕಾಳನ್ನು ಹಾಗೇ ಬಿಟ್ಟಳು.

"ವಾಪಸ್ ಈಸ್ಕಳದಾ? ಕೊಟ್ಟಿದ್ದನ್ನ? ಅವ್ಳ ತವ್ರುಮನೆಯೋರು ಏನಂದಾರು? ಹೆಗಲು ಸಾಲ್ದು ಅಂತ ಹೆಣ್ಣಿನ ಮೇಲೆ ಗೂಬೆ ಕೂರಿಸ್ದಂಗಾಗಲ್ವೇನ್ಲಾ?"

"ಡಾಕ್ಟ್ರು ಹೇಳವ್ರೆ ಅವ್ವ."

"ಡಾಕ್ಟ್ರು ನಮ್ಮೂರೋಳಲ್ಲ. ನಿಮ್ಮಪ್ಪ ಒಂದಿನಾನೂ ನನ್ನ ಹಂಗ್ ಅವಮಾನ ಮಾಡ್ಲಿಲ್ಲ."

ಒಳಗಿನಿಂದ ದೇವೀರಿ, "ನಂಗೇನೂ ಅವಮಾನ ಇಲ್ಲ ಅತ್ತೆ" ಎಂದಳು. ಅವ್ವ ಕೇಳಿಸದವಳಂತೆ ಅವರೆಕಾಳಿಗೆ ಕೈಹಾಕಿದಳು. ನಿಜ ಹೇಳಬೇಕೆಂದರೆ ಅವ್ವನ ಮಾತಿನಿಂದ ನನಗೆ ಹಾಯೆನಿಸಿತು. ದೇವೀರಿಯ ಮರ್ಯಾದೆಯ ಪ್ರಶ್ನೆ ಇದೆ, ಯೋಚಿಸಿ ಮಾಡಬೇಕು ಎಂದುಕೊಂಡೆ. ಹಾಗೆ ಯೋಚಿಸುತ್ತಲೇ ದಿನಗಳು ಕಳೆದವು. ಅವಳು ಎರಡು ಸಲ ಹಿತ್ತಲಿನಲ್ಲಿ ಮುದುಡಿ ಕುಳಿತಳು. ಅದು ನನ್ನ ಕಲ್ಲೋ ಅವಳದೇ ನೋವೋ ಎಂದು ನಾನು ಕೇಳಲಿಲ್ಲ.

ಆಮೇಲೆ ಒಂದು ಉಪಾಯ ಹೊಳೆಯಿತು. ಮೊದಲು ರಾಚಪ್ಪನದನ್ನು ತೆಗೆಸಿದರೆ ಹೇಗೆ? ಗದ್ದಲ ಅರ್ಧ ಕಡಿಮೆಯಾದರೆ ಡಾಕ್ಟರಿಗೆ ಸಾಕಾಗಬಹುದು, ನನ್ನದರ ಅಗತ್ಯವೇ ಬೀಳದಿರಬಹುದು. ಗೋಡೌನಿಗೆ ಹೋದೆ. ರಾಚಪ್ಪ ತಲೆಗೆ ಗೋಣಿ ಹೊದ್ದು ಲಾರಿಯಿಂದ ಮೂಟೆ ಇಳಿಸುತ್ತಿದ್ದ. ಮೈಯೆಲ್ಲ ಸಿಮೆಂಟಿನ ಬೂದಿ. ನನ್ನನ್ನು ಕಂಡು ಮೂಟೆ ಹೊತ್ತುಕೊಂಡೇ ಮಾತಿಗೆ ನಿಂತ, ಹತ್ತಿಯ ದಿಂಬು ಹೊತ್ತವನಂತೆ.

"ಏನ್ ಭಾವ, ಸಂಜೆ ಕಾಲೇಜ್ನೋರು ಮಧ್ಯಾಹ್ನವೇ ಈ ಕಡೆ?"

ವಿಷಯ ಹೇಳಿದೆ. ಅವನ ಮುಖ ಇಳಿಯಿತು. ಮೂಟೆ ಕೆಳಗಿಟ್ಟ. ಸುತ್ತಲಿದ್ದ ಹಮಾಲಿಗಳು ಕಿವಿ ನಿಮಿರಿಸಿದರು.

"ಅಕ್ಕಂಗೆ ಅಷ್ಟಾಗೈತಾ? ಭಾನ್ವಾರ ನಂಗೇನೂ ಹೇಳ್ಲಿಲ್ವಲ್ಲ."

"ಹೇಳ್ತಾಳಾ ಅವ್ಳು?"

"ಭಾವ, ನಂಗ್ ನಿಜವಾಗ್ಲೂ ಭಯ. ನೋವು ಅಂದ್ರೆ ಹೆಂಗಿರ್ತದೆ ಅಂತ್ಲೇ ಮರ್ತೋಗೈತೆ. ನೀವ್ ತಗೊಂಡ್ರಾ ನಿಮ್ದು?"

ಹಮಾಲಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಓದಿದವನು, ಇವನಿಗಿಂತ ದೊಡ್ಡವನು, ಅವಳ ಗಂಡ.

"ಹೂಂ" ಎಂದೆ.

"ಹೆಂಗಿತ್ತು?"

"ತಡ್ಕೋಬೋದು."

ರಾಚಪ್ಪ ಗೋಣಿಯನ್ನು ತೆಗೆದು ಒದರಿದ. "ಭಾವನೇ ತಗೊಂಡ್ ಮೇಲೆ ನಂದೇನು? ನಡೀರಿ" ಎಂದು, ಮೇಸ್ತ್ರಿ ಕೂಗುತ್ತಿದ್ದರೂ ತಿರುಗಿ ನೋಡದೆ ನನಗಿಂತ ಮುಂದೆ ನಡೆದ. ದಾರಿಯುದ್ದಕ್ಕೂ ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಹೇಳಿದರೂ ಕೆಲಸ ಆಯಿತಲ್ಲ. ಮನೆ ಹತ್ತಿರ ಬಂದ ಹಾಗೆಲ್ಲ ಅವನ ಅಗಲವಾದ ಬೆನ್ನನ್ನು ನೋಡುವುದು ಕಷ್ಟವಾಗತೊಡಗಿತು.

ಅವನು ಮನೆಯಲ್ಲಿ ತೆಗೆದುಕೊಳ್ಳಲಿಲ್ಲ. ಆಸ್ಪತ್ರೆಯಲ್ಲೇ ಆಗಲಿ, ನಾನು ಬಿದ್ದರೆ ಡಾಕ್ಟ್ರಾದ್ರೂ ಇರ್ತಾರೆ ಎಂದ. ಮೂವರೂ ಹೋದೆವು. ಕಟ್ಟೆಯ ಮೇಲಿನ ಹೆಂಗಸರ ಮುಂದೆಯೇ ಅವನು ಅಕ್ಕನ ಕೈ ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವನಂತೆ ಕಣ್ಣು ಮುಚ್ಚಿ, "ನಂದು, ಕೊಡಕ್ಕ" ಎಂದ. ಮರುಕ್ಷಣವೇ ಮಂಡಿಯೂರಿ ಕುಸಿದ. ಎಳೆಗರುವಿನಂತೆ ಕೂಗಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಗಂಡಸಿನ ಬಾಯಿಂದ ಅಂಥ ಸದ್ದು ನಮ್ಮ ಊರು ಕೇಳಿರಲಿಲ್ಲ. ಹೆಂಗಸರು ಮೊದಲು ಬೆಚ್ಚಿದರು, ಆಮೇಲೆ ಅವನನ್ನು ಸುತ್ತುವರಿದು ಬೆಂಚಿನ ಮೇಲೆ ಮಲಗಿಸಿದರು. "ಮೊದ್ಲು ಹಂಗೇ ಇರ್ತದೆ ಕಣಪ್ಪ, ಉಸ್ರು ಬುಡು, ಬಿಗಿ ಹಿಡೀಬೇಡ" ಎಂದು ಅವತ್ತಿನ ಹಲ್ಲುನೋವಿನವಳೇ ಅವನ ಬೆನ್ನು ನೀವಿದಳು. "ಅಕ್ಕ, ಅಕ್ಕ, ಇದ್ನ ಹೊತ್ಕೊಂಡು ನಂಗೆ ಮುದ್ದೆ ಕಟ್ಟಿ ಇಕ್ತಿದ್ಯಾ?" ಎಂದು ಅವನು ಗೊಳೋ ಎಂದು ಅತ್ತ.

ದೇವೀರಿ ನೆಟ್ಟಗೆ ನಿಂತಿದ್ದಳು. ಅವಳು ಅಷ್ಟು ಎತ್ತರವಿದ್ದಾಳೆ ಎಂದು ನನಗೆ ತಿಳಿದಿರಲಿಲ್ಲ.

ಒಳಗೆ ಡಾಕ್ಟರು ಮತ್ತೆ ಒತ್ತಿ ನೋಡಿದರು. ಪಕ್ಕೆಯ ಹತ್ತಿರ ಬೆರಳು ಹೋದ ಕೂಡಲೇ ದೇವೀರಿ ಹೊಟ್ಟೆಯನ್ನು ಬಿಗಿಹಿಡಿದಳು. ಮತ್ತೆ ಒತ್ತಿದರು, ಮತ್ತೆ ಬಿಗಿ.

"ಇನ್ನೂ ಯಾರದೋ ಇದೆಯಲ್ಲಮ್ಮ. ದೊಡ್ಡ ಸದ್ದಿಂದು."

ಬಾಗಿಲ ಹೊರಗಿನಿಂದ ರಾಚಪ್ಪ ನರಳುತ್ತಲೇ ಕೂಗಿದ: "ಇಲ್ಲ ಮೇಡಮ್ಮಾ... ಭಾವ ಆಗ್ಲೇ ತಗೊಂಡವ್ರೆ. ಅವ್ರು ತಡ್ಕೊಂಡವ್ರೆ... ನಂಗಾಗ್ತಿಲ್ಲ."

ಡಾಕ್ಟರು ನನ್ನನ್ನು ನೋಡಿದರು. ನಾನು ದೇವೀರಿಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ನಾನು ಹೇಗಾದರೂ ನಿಭಾಯಿಸುತ್ತಿದ್ದೆ. ನೆಂಟರ ಮುಂದೆ ಗಂಡನ ಅಂಗಿ ಹರಿದದ್ದು ಕಂಡ ಹೆಂಡತಿ ಸೆರಗು ಅಡ್ಡ ಹಿಡಿಯುತ್ತಾಳಲ್ಲ, ಆ ಥರ ಇತ್ತು ಆ ನೋಟ.

"ಹೌದು ಡಾಕ್ಟ್ರಮ್ಮ, ತಗೊಂಡವ್ರೆ" ಎಂದಳು.

"ಹಾಗಾದ್ರೆ ಇದು?"

"ಅದು... ಯಾವ್ದೋ ಹಳೇದು. ಇರ್ಲಿ ಬಿಡಿ."

ಡಾಕ್ಟರು ನಿಟ್ಟುಸಿರು ಬಿಟ್ಟರು. "ಹೀಗಿದ್ರೆ ನಾನೇನು ಬರೆದು ಕಳಿಸ್ಲಿ? ಟಾನಿಕ್ ಮುಂದುವರಿಸು. ಹದಿನೈದು ದಿನ ಬಿಟ್ಟು ಬಾ" ಎಂದು ಕುರ್ಚಿಗೆ ಹೋಗಿ ಕುಳಿತರು. ದೇವೀರಿ ಎದ್ದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಒಂದು ಕೈ ಮೇಜಿನ ಅಂಚನ್ನು ಹಿಡಿದಿತ್ತು, ತುಟಿಯಲ್ಲಿ ರಕ್ತವೇ ಇರಲಿಲ್ಲ. ಆಯಾ ಬಾಗಿಲ ಪರದೆ ಸರಿಸಿ, "ಮುಂದಿನೋರು ಬನ್ನಿ" ಎಂದಳು.

ಆಗಲೂ ನಾನು ಕೂಡಲೇ ಬಾಯಿಬಿಡಲಿಲ್ಲ. ಮುಂದಿನವಳು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ನಾವು ಬಾಗಿಲ ತನಕ ಬಂದೆವು. ಹೊಸ್ತಿಲು ದಾಟುವಾಗ ದೇವೀರಿ ಒಂದು ಕ್ಷಣ ತಡೆದಳು, ನಾನು ಮೊದಲು ಹೋಗಲಿ ಎಂದು. ಯಾವಾಗಲೂ ಹಾಗೆಯೇ ಮಾಡುವುದು ಅವಳು. ನಾನು ಹೋಗಲಿಲ್ಲ.

"ಇಲ್ಲ" ಎಂದೆ. ಹೊಸ್ತಿಲಿನಿಂದ ಹಿಂದಕ್ಕೆ ತಿರುಗಿದೆ. ಮತ್ತೆ ಅಂದೆ. "ಇಲ್ಲ ಡಾಕ್ಟ್ರೇ. ನಾನು ತಗೊಂಡಿಲ್ಲ. ಸುಳ್ಳು ಹೇಳ್ದೆ."

ಪರದೆಯ ಆಚೆ ರಾಚಪ್ಪನ ನರಳಾಟ ನಿಂತಿತು. ಅವನು ಕೇಳಿಸಿಕೊಂಡ ಎಂದು ನನಗೆ ಗೊತ್ತಾಯಿತು. ಸ್ಟೂಲಿನ ಮೇಲೆ ಕುಳಿತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಏನೂ ಬೈಯಲಿಲ್ಲ. "ಆ ಬೆಂಚ್ ಹಿಡ್ಕೊಂಡು ನಿಂತ್ಕೊಳ್ಳಿ" ಎಂದರು, ಅಷ್ಟೇ.

ದೇವೀರಿಯ ಕೈಯನ್ನು ಹಿಡಿದೆ. "ಬೇಡ್ರೀ, ನಿಮ್ಗಾಗಲ್ಲ" ಎಂದು ಅವಳು ಪಿಸುಗುಟ್ಟಿದಳು. ಅವಳ ಅಂಗೈಯನ್ನು ಹೆಗಲ ಮೇಲೆ ಇಟ್ಟುಕೊಂಡೆ. "ನನ್ನದು, ಕೊಡು."

ಅದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಒದ್ದೆ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುವಂತೆ ಪಕ್ಕೆಯಿಂದ ತೊಡೆಸಂದಿಯವರೆಗೆ ಯಾರೋ ನನ್ನನ್ನು ಹಿಂಡಿದರು. ಭಟ್ಟಿಯ ಮುಂದೆ ಅವತ್ತು ಇಳಿಸಿದ ನೋವಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇಷ್ಟು ವರ್ಷ ಕಲ್ಲು ಬೆಳೆದಿತ್ತು. ನನ್ನೊಳಗೆ ಬೆಳೆದದ್ದು ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ನಾನು ಕೂಗಿದೆನಂತೆ. ವಾಂತಿ ಮಾಡಿಕೊಂಡೆ, ಅದು ಆಯಾಳ ಕಾಲ ಮೇಲೆ ಬಿತ್ತು. ನೆಲದ ಮೇಲೆ ಬಿದ್ದುಕೊಂಡೇ ನಾನು ಮೇಲೆ ನೋಡಿದೆ.

ದೇವೀರಿ ಆಗಲೇ ಮತ್ತೆ ಮಂಚದ ಮೇಲೆ ಮಲಗಿದ್ದಳು. ವಾಲಗ ನಿಂತ ಮನೆಯಲ್ಲಿ ಕಿವಿಗೊಟ್ಟು ಆಲಿಸುವವಳ ಹಾಗೆ ತಲೆಯನ್ನು ಸ್ವಲ್ಪ ಒಂದು ಕಡೆಗೆ ವಾಲಿಸಿದ್ದಳು. ಡಾಕ್ಟರು ಒತ್ತುತ್ತಾ ಬಂದರು. ಹೊಟ್ಟೆ ಮೆತ್ತಗಿತ್ತು. ಇಲ್ಲಿ? ಇಲ್ಲ. ಇಲ್ಲಿ? ಇಲ್ಲ. ಬಲಗಡೆ ಕೆಳಗೆ ಬಂದಾಗ ಅವಳು ಡಾಕ್ಟರ ಕೈಯನ್ನು ತಾನೇ ಹಿಡಿದು, ಬೆರಳನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು.

"ಇಲ್ಲಿ. ಇದು ನಂದು."

ಡಾಕ್ಟರ ಮುಖ ಬದಲಾಯಿತು. ಮತ್ತೊಮ್ಮೆ ಮೆಲ್ಲಗೆ ಒತ್ತಿ ನೋಡಿದರು. "ಸಿಕ್ತು" ಎಂದರು. ಅವತ್ತೇ ಜೀಪಿನಲ್ಲಿ ಹೊಳೆಯಾಚೆ ಕಳಿಸಿದರು. ಹೋಗುವಾಗ ಚೀಟಿ ಕೊಡುತ್ತಾ, "ಟಾನಿಕ್ ಬರೀಬಾರದಿತ್ತಮ್ಮ ನಾನು. ನನ್ನದೂ ತಪ್ಪಾಯ್ತು" ಎಂದರು. ದೇವೀರಿ, "ಟಾನಿಕ್ ಸಿಹಿಯಾಗಿತ್ತು ಡಾಕ್ಟ್ರಮ್ಮ" ಎಂದಳು.

ಗರ್ಭಕೋಶದ ಪಕ್ಕದಲ್ಲಿ ಗಡ್ಡೆ ಇತ್ತು, ತಿರುಚಿಕೊಳ್ಳುವುದರಲ್ಲಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಹೆಣ ಒಯ್ಯಬೇಕಾಗುತ್ತಿತ್ತು ಎಂದು ದೊಡ್ಡಾಸ್ಪತ್ರೆಯವರು ನನಗೆ ಹೇಳಿದರು. ನಾನು ಯೋಚಿಸುತ್ತಾ ಕಳೆದ ದಿನಗಳನ್ನು ಅವರ ಮುಂದೆ ಹೇಳಲಿಲ್ಲ. ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲವಂತೆ. ಅವ್ವ ಗಂಜಿ ತಂದಳು. "ಊರಲ್ಲೆಲ್ಲ ನಮ್ ದೇವೀರಿಗೆ ಹೆಗಲು ಸಾಲ್ದು ಅಂತ ಆಡ್ಕೊತಾವ್ರೆ" ಎಂದು ಮೂಗು ಒರೆಸಿಕೊಂಡಳು. ದೇವೀರಿ, "ಆಡ್ಕೊಳ್ಳಿ ಬಿಡಿ ಅತ್ತೆ, ಉಪ್ಪಿನಕಾಯಿ ತಂದ್ರಾ?" ಎಂದಳು. ರಾಚಪ್ಪ ಸೊಂಟಕ್ಕೆ ಟವಲು ಬಿಗಿದುಕೊಂಡು ಬಂದ. ಅಕ್ಕನ ಹತ್ತಿರ ಕುಳಿತು, ಬೆನ್ನುನೋವನ್ನು ಯಾವ ಮಗ್ಗುಲಿನಲ್ಲಿ ಇಟ್ಟುಕೊಳ್ಳುವುದು, ಮೂಟೆ ಎತ್ತುವಾಗ ಹೇಗೆ ಬಗ್ಗುವುದು ಎಂದೆಲ್ಲ ಕೇಳಿಕೊಂಡ. ನನ್ನ ಜೊತೆ ಮಾತಾಡಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ತಡ್ಕೋಬೋದು ಅಂದ್ರಲ್ಲ ಭಾವ" ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ವಾರ್ಡಿನಲ್ಲಿ ಎಲ್ಲರೂ ಮಲಗಿದ್ದರು. ದೇವೀರಿಯ ಹೊಲಿಗೆ ನೋಯುತ್ತಿತ್ತು. ಅವಳು ಹಲ್ಲು ಕಚ್ಚಿ ಜಂತೆಯನ್ನು ನೋಡುತ್ತಿದ್ದಳು. ಬಹಳ ಹೊತ್ತು ಧೈರ್ಯ ತಂದುಕೊಂಡು ನಾನು ಸ್ಟೂಲನ್ನು ಹತ್ತಿರಕ್ಕೆ ಎಳೆದು, ಅವಳ ಕೈ ಎಟಕುವಂತೆ ಹೆಗಲು ತಗ್ಗಿಸಿದೆ. ಹೆಂಗಸಿನ ನೋವು ಗಂಡಸಿಗೆ ಇಳಿಯುತ್ತದೆಯೋ ಇಲ್ಲವೋ ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಯಾರೂ ನೋಡಿಲ್ಲ.

"ಇಳ್ಸು" ಎಂದೆ.

ಅವಳು ನನ್ನ ಹೆಗಲನ್ನು ನೋಡಿದಳು. ನಗು ಬಂತು, ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು. "ಬೇಡ್ರೀ. ಹುಡುಕಿ ಹುಡುಕಿ ಸಿಕ್ಕಿರೋದು ಇದೊಂದು. ನನ್ ಹತ್ರಾನೇ ಇರ್ಲಿ."

ಬೇಡ ಎಂದಳಲ್ಲ ಎಂದು ಆ ಕ್ಷಣ ನನಗಾದದ್ದು ಬೇಸರವಲ್ಲ, ಸಮಾಧಾನ. ಬಿಗಿಹಿಡಿದಿದ್ದ ಉಸಿರು ನನಗೆ ಗೊತ್ತಿಲ್ಲದೆ ಹೊರಬಂತು. ಅವಳಿಗೆ ಅದು ಕೇಳಿಸಿತು. ಇಷ್ಟು ವರ್ಷ ನನ್ನ ಮೈಯ ಸುದ್ದಿಯನ್ನೆಲ್ಲ ನನಗಿಂತ ಮೊದಲು ತಿಳಿದವಳಿಗೆ ಒಂದು ಉಸಿರು ಕೇಳಿಸದೆ ಇರುತ್ತದೆಯೇ? ಅವಳು ಮುಖ ತಿರುಗಿಸಲಿಲ್ಲ. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಕಲ್ಲು ಅಲುಗಿತು. ಸ್ಟೂಲಿನಿಂದ ಜಾರಿ ಅವಳ ಮಂಚದ ಪಕ್ಕ ನೆಲದ ಮೇಲೆ ಮುದುಡಿದೆ. ಬಾಯಿಗೆ ಟವಲು ಕಚ್ಚಿಕೊಂಡೆ. ಕಣ್ಣು ಕತ್ತಲಿಟ್ಟಿತು.

"ಬಂತಾ?" ಮೇಲಿನಿಂದ ಅವಳ ದನಿ.

"ಹೂಂ."

"ಬೆನ್ನ ಮೇಲೆ ಮಲಗ್ಬೇಡಿ, ಜಾಸ್ತಿ ಆಗುತ್ತೆ. ಎಡಕ್ಕೆ ತಿರುಗಿ. ಬಲಗಾಲು ಮಡಚಿ ಹೊಟ್ಟೆಗೆ ಒತ್ತಿ ಹಿಡ್ಕೊಳ್ಳಿ. ಇನ್ನೂ ಒಂದ್ಸಲ ಜೋರಾಗಿ ಬರುತ್ತೆ, ಹೆದರ್ಬೇಡಿ. ಆಮೇಲೆ ಬಿಡುತ್ತೆ."

ಎಡಕ್ಕೆ ತಿರುಗಿದೆ. ಕಾಲು ಮಡಚಿದೆ. ಅವಳು ಹೇಳಿದಂತೆಯೇ ಇನ್ನೊಂದು ಸಲ ಜೋರಾಗಿ ಬಂತು. ಆಮೇಲೆ, ಅವಳು ಹೇಳಿದಂತೆಯೇ, ಬಿಟ್ಟಿತು.